ಇಳಿಯುವ ಮೊದಲು ಚಾವಿ

ಹೈದರಾಬಾದಿನ ಸನತ್‌ನಗರದ ಡಬ್ಬಿ ಕಾರ್ಖಾನೆಯಿಂದ ಬೋರಬಂಡದ ಮನೆಗೆ ಬರಬೇಕಾದರೆ ಏರು ಹತ್ತಲೇಬೇಕು. ಬೆಳಿಗ್ಗೆ ಇಳಿಜಾರು, ಸೈಕಲ್ ತಾನೇ ಹೋಗುತ್ತದೆ. ಸಂಜೆ ಆ ಏರು ಸಂಗಣ್ಣನ ಮೊಣಕಾಲು ತಿನ್ನುತ್ತಿತ್ತು. ಅರ್ಧಕ್ಕೆ ಇಳಿದು ತಳ್ಳಿಕೊಂಡು ಮನೆ ಸೇರಿದರೆ, ಊಟಕ್ಕೆ ನೆಲದ ಮೇಲೆ ಕೂಡಲೂ ಆಗುತ್ತಿರಲಿಲ್ಲ.

ಸೊಸೆ ಹರ್ಷದಾ ನೋಡಿ ನೋಡಿ, ಆ ಹಳೆಯ ಸೈಕಲ್ಲಿಗೇ ಮೋಟರು ಹಾಕಿಸಿದಳು. ಹಿಂದಿನ ಗಾಲಿಯಲ್ಲಿ ಮೋಟರು, ನಡುವಿನ ದಂಡಕ್ಕೆ ಬ್ಯಾಟರಿ, ಬಲಗೈ ಹಿಡಿ ತಿರುವಿದರೆ ಸ್ಕೂಟರಿನಂತೆ ಓಟ. ಸವೆದ ಬ್ರೇಕನ್ನು ಮೊದಲು ಬದಲಿಸಿ ಎಂದು ಅಂಗಡಿಯಲ್ಲಿ ನಿಂತು ಮಾಡಿಸಿದಳು. ಮಾವನಿಗೂ ಒಂದು ಮಾತು ಹೇಳಿದಳು.

“ಮಾವಾರ, ಇಳಿಯೂಕಿಂತ ಮೊದಲ ಚಾವಿ ಬಂದ್ ಮಾಡ್ರಿ. ಹಿಡಕೊಂಡು ನಡಿಯೂಮುಂದ ಹಿಡಿ ತಿರುಗಿತಂದ್ರ ಗಾಡಿ ಓಡಿಬಿಡ್ತೈತಿ.”

“ನಿನ್ನ ಗಂಡನ್ನ ಇದರ ಮ್ಯಾಲ ಕೂಡಿಸ್ಕೊಂಡು ಸಾಲಿಗೆ ಬಿಟ್ಟಾಂವ ನಾ. ನನಗ ಇಳಿಯೂದು ಕಲಸ್ತೀಯೇನವಾ?” ಎಂದು ಸಂಗಣ್ಣ ನಕ್ಕ.

ಅವನಿಗೆ ಒಂದು ರೂಢಿ. ಎದುರಿಗೆ ಹಿರಿಯರು ಬಂದರೆ ಸೈಕಲ್ ಮೇಲೆ ಕೂತು ಮಾತಾಡಿಸುವವನಲ್ಲ. ಅಪ್ಪ ಕಲಿಸಿದ್ದು. ಹೈದರಾಬಾದಿಗೆ ಬಂದು ತಲೆ ನರೆತರೂ ಬಿಟ್ಟಿರಲಿಲ್ಲ. ಒಂದು ಸಂಜೆ ಏರನ್ನು ಆರಾಮಾಗಿ ಹತ್ತಿ ಓಣಿಗೆ ತಿರುಗಿದರೆ, ಪಕ್ಕದ ಮನೆಯ ಅಮರಯ್ಯನವರು ಹಾಲಿನ ಪಾಕೀಟು ಹಿಡಿದು ಬರುತ್ತಿದ್ದರು. ಅಲ್ಲಿಯ ಕನ್ನಡದವರಿಗೆಲ್ಲ ಅವರೇ ಹಿರಿಯರು. ಸಂಗಣ್ಣ ಥಟ್ಟನೆ ಇಳಿದು, “ಶರಣ್ರೀ ಅಯ್ಯಾರ” ಎಂದು ತಲೆ ಬಾಗಿಸಿದ. ಬಾಗಿದ ಭಾರಕ್ಕೆ ಹಿಡಿ ತಿರುಗಿತು. ಸೈಕಲ್ ನೆಗೆಯಿತು. ತಡೆಯಲೆಂದು ಇನ್ನೂ ಬಿಗಿಯಾಗಿ ಹಿಡಿದ. ಅದು ಇನ್ನೂ ಜೋರಾಯಿತು. ಹಾಲು ಚೆಲ್ಲಿ, ಹಿರಿಯರು ಮಣ್ಣಲ್ಲಿ ಬಿದ್ದಿದ್ದರು.

ಅವರ ಕಾಲಿಗೆ ಹೊಲಿಗೆ ಬಿತ್ತು. ಮೋಟರಿನ ಸೈಕಲ್ ಮನುಷ್ಯನ ಮಾತು ಕೇಳುವುದಿಲ್ಲವಂತೆ ಎಂದು ಓಣಿ ಆಡಿಕೊಂಡಿತು. ಕೆಲಸಕ್ಕೆ ಸೈಕಲ್ಲಲ್ಲೇ ಹೋಗುವ ಎದುರುಮನೆ ವಿಜಯಶ್ರೀ ಮೋಟರು ಹಾಕಿಸಬೇಕೆಂದಿದ್ದಳು, ಮನೆಯವರು ಬೇಡವೆಂದರು. ಸಂಗಣ್ಣ ಎಲ್ಲ ಕೇಳಿಸಿಕೊಂಡ. ಚಾವಿ ಚಾಲೂ ಇದ್ದದ್ದು ಅವನಿಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಸೈಕಲ್ಲಿಗೆ ಹಳೆಯ ಚಾದರ ಹೊದಿಸಿ, ಹಿತ್ತಲ ಸಂದಿಯಿಂದ ಕುಂಟುತ್ತ ಕೆಲಸಕ್ಕೆ ಹೋದ. ನಾನು ಹೇಳಿರಲಿಲ್ಲವೇ ಎಂದು ಸೊಸೆ ಅನ್ನಲಿಲ್ಲ. ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಭಾನುವಾರ ಅಮರಯ್ಯನವರಿಂದ ಕರೆ ಬಂತು. ಸೈಕಲ್ ತಗೊಂಡೇ ಬರಬೇಕಂತೆ.

“ಹೊಲಿಗಿ ಬಿದ್ದದ್ದು ನನ್ನ ಕಾಲಿಗೆ, ಮಾರಿ ಮುಚಗೊಂಡು ಅಡ್ಡಾಡಾಂವ ನೀ” ಎಂದರು ಅವರು.

ಸಂಗಣ್ಣ ನೆಲ ನೋಡಿದ. “ಮೋಟರಿಂದು ತಪ್ಪಿಲ್ರಿ ಅಯ್ಯಾರ. ಸೊಸಿ ಹೇಳಿದ್ಲು, ನಾ ಚಾವಿ ಬಂದ್ ಮಾಡಲಿಲ್ಲ. ಇದನ್ನ ತಗಸಿಬಿಡ್ತೀನ್ರಿ.”

“ತಗಸಿದ್ರ ಮೋಟರೇ ಕೆಟ್ಟದ್ದಂತ ಮಂದಿ ತಿಳೀತಾರ. ನಿನ್ನ ಮಾನ ಉಳೀತೈತಿ, ಆ ಎದುರುಮನಿ ಹುಡುಗಿ ಏರಿನಾಗ ತಳ್ಳಕೊಂತ ಸಾಯ್ತಾಳ. ಚಾವಿ ಕೊಡಿಲ್ಲಿ.” ಅದನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. “ಪಟ್ಟಿ ಬದಲಿ ಮಾಡಸಬೇಕು. ನನ್ನನ್ನ ಇದರ ಕ್ಯಾರಿಯರ್ ಮ್ಯಾಲ ಕೂಡಿಸ್ಕೊಂಡು ದವಾಖಾನಿಗೆ ನಡಿ. ಕೇಳಿದವ್ರಿಗೆ ನೀನ ಹೇಳು.”

ಸಂಗಣ್ಣ ಅವರನ್ನು ಕೂಡಿಸಿಕೊಂಡು ಸೈಕಲ್ ತಳ್ಳುತ್ತ ಹೊರಟ. ಮೊದಲ ಬಾಗಿಲಲ್ಲೇ ಏನಾಯಿತೆಂದು ಕೇಳಿದರು. ಚಾವಿ ಬಂದ್ ಮಾಡದೆ ಇಳಿದದ್ದನ್ನು ಹೇಗೋ ಹೇಳಿದ. ಮುಂದಿನ ಬಾಗಿಲಲ್ಲಿ ತೆಲುಗಿನಲ್ಲಿ, ಅದರಾಚೆ ಹಿಂದಿಯಲ್ಲಿ ಹೇಳಿದ. ವಿಜಯಶ್ರೀಯ ಬಾಗಿಲಲ್ಲಿ ಯಾರೂ ಕೇಳಲಿಲ್ಲ. ಅಲ್ಲಿ ತಾನೇ ನಿಂತು ಅವಳನ್ನು ಕರೆದ.

“ಕೇಳವಾ, ಮೋಟರು ಬೇಷ್ ಐತಿ. ತಪ್ಪು ನಂದು. ನೀ ಹಾಕಸ್ಕೋ. ಹೆಂಗ ಇಳೀಬೇಕಂತ ನಾನ ತೋರಸ್ತೀನಿ.”

ಅವಳ ಅತ್ತೆ ಹೊರಗೆ ಬಂದು, ಅಂಗಡಿ ಎಲ್ಲಿದೆ ಎಂದು ಕೇಳಿದಳು.

ಅಣ್ಣಗಳಿರಾ, ಅಕ್ಕಗಳಿರಾ, ಮೊಣಕಾಲು ನೋಯಿಸಿಕೊಂಡು ಏರು ಹತ್ತಬೇಡಿ. ಇರುವ ಸೈಕಲ್ಲಿಗೇ ಮೋಟರು ಹಾಕಿಸಿ. ಬ್ರೇಕು ಮೊದಲು ಸರಿಮಾಡಿಸಿ; ಬ್ರೇಕು ಹಿಡಿದೊಡನೆ ಮೋಟರು ತಾನೇ ನಿಲ್ಲುವಂತೆ ಕೂಡಿಸಿಕೊಳ್ಳಿ. ಗಾಡಿ ನಿಲ್ಲಿಸಿ, ಚಾವಿ ಬಂದ್ ಮಾಡಿ, ಆಮೇಲೆ ಕಾಲು ಕೆಳಗಿಡಿ. ಎದುರಿಗೆ ಹಿರಿಯರು ಬಂದರೂ ಸರಿ. ನಿಮ್ಮ ಶರಣು ಒಂದು ಗಳಿಗೆ ತಡವಾದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.