ಗೋಡೆಯ ತೂತಿಗೆ ನಾಲ್ಕು ರೂಪಾಯಿ

ತಟ್ಟೆಯ ಅಂಚಿನಲ್ಲಿ ಶೇಂಗಾ ಚಟ್ನಿಪುಡಿ, ಪುಡಿಯ ನಡುವೆ ಬೆರಳಿನಿಂದ ಮಾಡಿದ ಗುಳಿ, ಗುಳಿಯಲ್ಲಿ ಎಣ್ಣೆ ಇನ್ನೂ ಇಂಗುತ್ತಿದೆ, ಫಜಲುಲ್ಲಾ ಅದನ್ನೇ ನೋಡುತ್ತಿದ್ದಾನೆ, ತಲೆಯೆತ್ತಿದರೆ ಇಪ್ಪತ್ತು ಮುಖ — ನೋಡ್ರಪ್ಪಾ, ಎಲ್ರೂ ನೋಡ್ರಿ, ಅಪ್ಪನ ಮಣ್ಣಿಗೆ ಬರದ ಮಗ ಬಾಡಿಗೆ ವಸೂಲಿಗೆ ಬಂದಾನೆ — ಹೀಗೆ ಕೂಗಿದವನು ಮುರುಗೇಶಪ್ಪ, ಹೋದ ವರ್ಷದವರೆಗೂ ದಾವಣಗೆರೆಯಲ್ಲಿ ಇವನ ಮನೆಯ ಹಿಂಭಾಗದಲ್ಲೇ ಬಾಡಿಗೆಗಿದ್ದು, ಎಂಟು ತಿಂಗಳ ಬಾಕಿ ಉಳಿಸಿ, ಹರಿಹರಕ್ಕೆ ಬಂದು ಖಾನಾವಳಿ ಹಾಕಿಕೊಂಡವನು, ಈಗ ಹೆಗಲ ಮೇಲೆ ವಸ್ತ್ರ, ಮುಂದೆ ಗಲ್ಲಾಪೆಟ್ಟಿಗೆ, ಸುತ್ತ ಉಣ್ಣುವ ಕಾರ್ಖಾನೆ ಮಂದಿ, ಯಾವನೋ ಕಿಸಕ್ಕೆಂದ, ಯಾವನೋ ಮಜ್ಜಿಗೆ ಕೇಳುವುದನ್ನು ಅರ್ಧಕ್ಕೇ ನಿಲ್ಲಿಸಿದ, ಎದ್ದು ಒಂದು ಬಿಟ್ಟರೆ ಗಲ್ಲಾಪೆಟ್ಟಿಗೆ ಹೋಗಿ ಹೊಳೆಗೇ ಬಿದ್ದೀತು, ಮುಂಬಯಿ ಬಂದರಿನಲ್ಲಿ ಮೂಟೆ ಹೊತ್ತ ಕೈ ಇದು, ಆದರೆ ಕೈಯಲ್ಲಿ ರೊಟ್ಟಿ, ಅದೂ ಅವರದೇ ರೊಟ್ಟಿ, ನಿನ್ನೆಯಿಂದ ಹೊಟ್ಟೆಗೇನಿಲ್ಲ, ಕೂತ ತಕ್ಷಣ ಯಾರೂ ಏನೂ ಕೇಳದೆ ಬಡಿಸಿಬಿಟ್ಟರು, ಒಂದು ತುತ್ತು ಇಳಿದ ಮೇಲೆ ಹೆಸರು ಹೇಳಿದ, ನಾನು ಮಸ್ತಾನಸಾಬರ ಮಗ, ಬಾಡಿಗೆ ತೊಂಬತ್ತಾರು, ಗೋಡೆ ಕೊರೆದದ್ದಕ್ಕೆ ನಾಲ್ಕು, ನೂರು ಎಣಿಸಿ ಇಡ್ರಿ ಮುರುಗೇಶಪ್ಪನೋರೆ, ಸೋಮವಾರ ಕಂದಾಯ ಕಟ್ಲಿಲ್ಲ ಅಂದ್ರೆ ನನ್ ಮನೆ ಜಪ್ತಿ ಆಗ್ತೈತೆ. ಮೊದಲು ಕೇಳಿ ಆಮೇಲೆ ಉಣ್ಣಬೇಕಿತ್ತು. ಉಣ್ಣಲೇಬಾರದಿತ್ತು.

ನಾಲ್ಕು ರೂಪಾಯಿ ಕಡಿಮೆಯೇ ಆಯಿತು, ಬೆಳಿಗ್ಗೆ ಬೀಗ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು, ಅಪ್ಪ ಮಲಗುತ್ತಿದ್ದ ಪಡಸಾಲೆಗೂ ಇವರ ಅಡಿಗೆಮನೆಗೂ ನಡುವಿನ ಮಣ್ಣುಗೋಡೆಯಲ್ಲಿ, ನೆಲದಿಂದ ಒಂದು ಮೊಳ ಮೇಲೆ, ತೂತು, ಆಚೆಯ ಬೆಳಕು ಈಚೆಗೆ ಕಡ್ಡಿಯಂತೆ ಚಾಚಿತ್ತು, ಬೆರಳು ತೂರಿಸಿದ, ಅಂಚು ನುಣ್ಣಗೆ, ಎಣ್ಣೆ ಹಚ್ಚಿ ತೀಡಿದ ಹಾಗೆ, ಬಾಡಿಗೆಯೂ ಇಲ್ಲ ಮೇಲೆ ಕನ್ನ ಬೇರೆ, ಮುಂಬಯಿಯಿಂದ ಹಾಕಿದ ಎರಡು ರಿಜಿಸ್ಟರು ಕಾಗದ ಹೋದ ಹಾಗೇ ವಾಪಸು ಬಂದಿದ್ದವು, ದೂರ ಇದ್ದಾನೆ, ಓದದ ಮುಂಡೇದು, ಏನು ಮಾಡಿಯಾನು ಅಂದುಕೊಂಡರು, ಪಕ್ಕದ ಮನೆಯ ಮೌಲಾ ಸಾಬ್ ಬಾಗಿಲಿಗೆ ಬಂದು ಕಂದಾಯದ ಇಂಗ್ಲಿಷ್ ನೋಟೀಸು ಓದಿ ಹೇಳಿದರು, ಎಂಬತ್ತು ರೂಪಾಯಿ ಐತಪ್ಪ, ಇವತ್ತು ಶನಿವಾರ, ಮತ್ತೆ ಆ ಮುರುಗೇಶಪ್ಪನ ಬಗ್ಗೆ ಒಂದು ಮಾತು, ಬೇಟಾ, ಕೂತ್ಕೋ — ಕೂರುವುದೇನು, ಖಾನಾವಳಿ ಎಲ್ಲಿ ಹೇಳ್ರಿ ಸಾಕು ಎಂದು ಮೋಟಾರು ಹತ್ತಿದ, ಜೇಬಿನಲ್ಲಿ ವಾಪಸು ಹೋಗುವ ಚಾರ್ಜು ಬಿಟ್ಟರೆ ಬಿಡಿಗಾಸಿಲ್ಲ, ದಾರಿಯುದ್ದಕ್ಕೂ ಇಂಥ ಮಾತು ಹೊಡೆಯಬೇಕು ಅಂಥ ಮಾತು ಹೊಡೆಯಬೇಕು ಎಂದು ಹಲ್ಲು ಕಚ್ಚಿಕೊಂಡು ಬಂದ, ಹೊಡೆದವನು ಮುರುಗೇಶಪ್ಪ, ಮಣ್ಣಿಗೆ ಬರದ ಮಗ, ಬರಲಿಲ್ಲ ಹೌದು, ತಂತಿ ಹಳೇ ಖೋಲಿಗೆ ಹೋಗಿ ಒಂಬತ್ತು ದಿನ ತಡವಾಗಿ ಸಿಕ್ಕಿತು, ಅದನ್ನು ಈ ಮಂದಿಗೆ ಹೇಳಲೇ, ಹೇಳಿದರೆ ಅದಕ್ಕೂ ಮುಂಚೆ ಬಂದ ಕಾರ್ಡು? ನಿಮ್ಮಪ್ಪಗೆ ಮೈ ನೆಟ್ಟಗಿಲ್ಲ, ಬಂದು ಹೋಗು, ಯಾವುದೋ ಹೆಂಗಸಿನ ದುಂಡು ಅಕ್ಷರ, ಮುದುಕ ಯಾರ ಕೈಲೋ ಬರೆಸಿ ಆಟ ಹೂಡಿದ್ದಾನೆ ಎಂದುಕೊಂಡು ಹರಿದ, ಏಳನೇ ಕ್ಲಾಸಿಗೆ ಸಾಲೆ ಬಿಡಿಸಿ ಜಟಕಾ ಹೊಡಿ ಎಂದವನು, ಒಲ್ಲೆ ಎಂದದ್ದಕ್ಕೆ ಕುದುರೆಯ ಚಾವಟಿಯಿಂದಲೇ ಬಾರಿಸಿದವನು, ಬೆನ್ನ ಮೇಲೆ ಬರೆ ಇನ್ನೂ ಇದೆ, ಹೋಗುವುದೇನು.

ಘಣ್, ಘಣಘಣ — ಇದು ಎಲ್ಲಿಂದ? ಬಡಿಸುತ್ತಿದ್ದ ನರೆಮೀಸೆಯ ಸಣ್ಣಬೀರಪ್ಪ ಗೋಡೆಯ ಹತ್ತಿರ ಒಂದು ಹಗ್ಗ ಜಗ್ಗಿದ, ಹಗ್ಗ ಗೋಡೆಯ ತೂತಿನೊಳಗೆ ನುಸುಳಿ ಆಚೆ ಅಡಿಗೆಮನೆಗೆ ಹೋಗಿದೆ, ಅಲ್ಲಿ ಗಂಟೆ ಬಡಿಯಿತು, ಒಳಗಿಂದ ಬಿಸಿ ರೊಟ್ಟಿ ಬಂತು, ಅಂಚು ಒಡೆದ ಕಂಚು, ಸದ್ದಿನ ಕೊನೆಗೆ ಸಣ್ಣ ಗೊಗ್ಗರು, ಇದು ಅಪ್ಪನ ಕುದುರೆಯ ಕೊರಳಿನದು, ಸಂಜೆ ಸ್ಟೇಷನ್ನಿನಿಂದ ಜಟಕಾ ಬರುವುದು ಓಣಿಯ ತುದಿಯಿಂದಲೇ ತಿಳಿಯುತ್ತಿತ್ತು, ಗಂಟೆಯನ್ನೂ ಹೊತ್ತು ತಂದಿದ್ದಾರೆ ಕಳ್ಳರು, ಆ ಗಂಟೆ ನಮ್ದು! ಎಂದು ಕಿರುಚಿ ಎದ್ದ, ಈಗ ಸಿಕ್ಕರು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು ಮುರುಗೇಶಪ್ಪನ ಹೆಂಡತಿ ಸರ್ವಮಂಗಳಮ್ಮ, ಹೌದಪ್ಪ, ನಿಮ್ದೇ, ಎಂದಳು ಮೆಲ್ಲಗೆ, ನಿಮ್ಮಪ್ಪಾರಿಗೆ ಲಕ್ವ ಹೊಡದು ಬಾಯಿ ಬಿದ್ದೋತು, ಎಡಗೈ ಒಂದೇ ಆಡ್ತಿತ್ತು, ಕೂಗಾಕಾಗ್ತಿರ್ಲಿಲ್ಲ, ಅದ್ಕೆ ಹಾಸಿಗೆ ಮಗ್ಗುಲಿಗೆ ಗೋಡೆ ಕೊರದು ಹಗ್ಗ ಕಟ್ಟಿದ್ವಿ, ನೀರಿಗೆ ಎಳಿಯೋರು, ಮಗ್ಗುಲು ತಿರುಗ್ಸಾಕೆ ಎಳಿಯೋರು, ಒಂದೊಂದ್ಸಲ ಓಡಿ ಹೋದ್ರೆ ಏನೂ ಬ್ಯಾಡಾಗಿರೋದು, ಬಾಗಿಲ ಕಡೆ ಬಟ್ಟು ತೋರ್ಸೋರು, ಬಂದ್ನಾ ಅಂತ, ನಿನಗೆ ಕಾರ್ಡು ಬರದಾಕೆ ನಾನೇ.

ಇಲ್ಲಿಯ ತೂತು ನಿಂತವನ ಕೈಯೆತ್ತರಕ್ಕಿದೆ, ಅಲ್ಲಿಯದು ಒಂದು ಮೊಳ, ಒಂದೇ ಮೊಳ, ಮುರುಗೇಶಪ್ಪ ಗಲ್ಲಾ ತೆಗೆದು ಹತ್ತರ ಹತ್ತು ನೋಟು ತಟ್ಟೆಯ ಪಕ್ಕಕ್ಕೆ ಬಡಿದ, ಬಾಡಿಗೆ ಬ್ಯಾಡ ಅಂತ ಮುದುಕ ಕೈಯಾಡಿಸಿದ್ದಕ್ಕೆ ಸಾಕ್ಷಿ ಇಲ್ಲ, ತಗಾ, ಗೋಡೆದೂ ಸೇರಿ ಐತೆ, ಎಂದ, ಸುಮ್ನಿರ್ರಿ ನೀವು, ಎಂದಳು ಅವಳು, ತಗಳಪ್ಪ, ಮನೆ ಉಳಿಸ್ಕೋ, ಗಂಟೆನೂ ಬಿಚ್ಚಿ ಕೊಡ್ಲೇನು? ಇಪ್ಪತ್ತು ಮುಖವೂ ಕಾಯುತ್ತಿವೆ, ನೋಟುಗಳ ಮೂಲೆಗಳು ಗಾಳಿಗೆ ಏಳುತ್ತಿವೆ, ಸೋಮವಾರ, ಎಂಬತ್ತು, ಏನಾದ್ರೂ ಅನ್ನೋ ತಮ್ಮಾ, ಎಂದ ಉಣ್ಣುತ್ತಿದ್ದವನೊಬ್ಬ, ಇವನು ಹೊಸ್ತಿಲು ದಾಟಿದ, ನೋಟು ಅಲ್ಲೇ, ಮುರಿದ ರೊಟ್ಟಿ ಅಲ್ಲೇ, ಬಿಸಿಲು, ಹೊಳೆಯ ಕಡೆ ಇಳಿಯುವ ರಸ್ತೆ, ಹಿಂದೆ ಮತ್ತೆ ಗಂಟೆ ಹೊಡೆಯಿತು, ಯಾರಿಗೋ ರೊಟ್ಟಿ ಬೇಕಾಗಿದೆ, ತಿರುಗಿ ನೋಡಲಿಲ್ಲ, ನಡೆದ, ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಡೆದ, ನೆಲದಿಂದ ಒಂದು ಮೊಳ ಮೇಲೆ ತೂತು, ಅಂಚು ನುಣ್ಣಗೆ, ಮಣ್ಣುಗೋಡೆ ಅಷ್ಟು ನುಣ್ಣಗಾಗಬೇಕಾದರೆ ಆ ಹಗ್ಗವನ್ನು ಎಷ್ಟು ಸಲ, ನೆಲದಿಂದ ಒಂದು ಮೊಳ, ಅಂಚು ನುಣ್ಣಗೆ, ನುಣ್ಣಗೆ