ಒಂಬತ್ತನೇ ಪಂಪಿನ ಸಾಲು

ಆ ಗಣಿಯೊಳಗೆ ಇಲಿಗಳಿಗಿಂತ ಕಂಪ್ಯೂಟರುಗಳೇ ಹೆಚ್ಚು. ಪಂಪಿಗೊಂದು, ಫ್ಯಾನಿಗೊಂದು, ಬಾಗಿಲಿಗೊಂದು. ಆದರೆ ಒಂದಕ್ಕೂ ಸ್ವಂತ ಬುದ್ಧಿಯಿಲ್ಲ. ಅರ್ಧ ಗಂಟೆಗೊಮ್ಮೆ ಮೇಲಿನ ಕೋಣೆಯಲ್ಲಿದ್ದ ಪಟ್ಟಿಯನ್ನು ಕೇಳಬೇಕು: ನಾನು ಯಾರು, ಏನು ಮಾಡಲಿ? ಪಟ್ಟಿಯಲ್ಲಿ ಸಾಲಿದ್ದರೆ ಕೆಲಸ. ಇಲ್ಲದಿದ್ದರೆ ಸತ್ತ ಹಾಗೆ ಸುಮ್ಮನಾಗುವುದು.

ಆ ಪಟ್ಟಿಯನ್ನು ಮಗುವಿನಂತೆ ಸಾಕುತ್ತಿದ್ದವಳು ಅಕ್ಕ. ಕೆಳಗೆ ಪಂಪು ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ತಮ್ಮ. ಅವನು ಕರೆದೂ ಕರೆದೂ ಇಡೀ ಗಣಿಗೇ ಅವಳು ಅಕ್ಕನಾಗಿದ್ದಳು. ಪಟ್ಟಿಯಲ್ಲಿ ಒಂದು ಚುಕ್ಕೆ ಹೆಚ್ಚಿದ್ದರೂ ಅವಳಿಗೆ ಅನ್ನ ಸೇರದು.

ಅಂದು ಬೆಳಿಗ್ಗೆ ಒಂಬತ್ತನೇ ಪಂಪಿಗೆ ಎರಡು ಸಾಲು ಕಂಡವು. ಹಳೆಯ ಕಂಪ್ಯೂಟರಿನದೊಂದು, ಹೊಸದರದೊಂದು. ಹೊಸದರ ಮುಂದೆ ‘ಕೂರಿಸಿದೆ’ ಎಂದಿತ್ತು. “ಒಂದೇ ಒರೆಗೆ ಎರಡು ಕತ್ತಿ ಯಾಕಪ್ಪಾ?” ಎಂದುಕೊಂಡು ಹಳೆಯದನ್ನು ಅಳಿಸಿದಳು.

ಹತ್ತೂ ಮೂವತ್ತೈದಕ್ಕೆ ಫೋನು ಬಂತು.

“ಅಕ್ಕಾ, ಒಂಬತ್ತನೇದು ಉಸಿರೇ ಬಿಡ್ತಿಲ್ಲ. ನೀರು ಮಂಡಿಗೆ ಬಂತು.”

“ಹೊಸ ಕಂಪ್ಯೂಟರ್ ಕೂರಿಸಿದ್ದೀಯಲ್ಲೋ, ಅದನ್ನ ನೋಡು.”

“ಎಲ್ಲಿ ಕೂರಿಸಿದೆ? ಅದಿನ್ನೂ ಗೋದಾಮಲ್ಲಿ ಡಬ್ಬದೊಳಗೆ ಮಲಗಿದೆ. ‘ಕೂರಿಸಿದೆ’ ಅಂತ ಮೊದ್ಲೇ ಬರೀದಿದ್ರೆ ಗೋದಾಮಿನವನು ಸಾಮಾನು ಕೊಡ್ತಾನಾ? ನಾವೆಲ್ಲ ಹಂಗೇ ಅಲ್ವಾ ಮಾಡೋದು!”

ಅಳಿಸಿದ ಸಾಲನ್ನು ಅವಳು ತಕ್ಷಣ ಮತ್ತೆ ಬರೆದಳು. ಆದರೆ ಪಂಪು ಇನ್ನು ಪಟ್ಟಿ ಕೇಳುವುದು ಹನ್ನೊಂದಕ್ಕೆ. ಪಂಪಿದ್ದ ಗುಂಡಿಯ ನೀರೋ, ಹಾಲು ಉಕ್ಕಿದ ಹಾಗೆ ಏರುವಂಥದ್ದು.

“ಲಿಫ್ಟ್ ಹತ್ತೋ ಮಾರಾಯ!”

“ಈಗಷ್ಟೇ ನಾಲ್ವರನ್ನ ಕಳಿಸ್ದೆ. ಹೊಸಬರು ಪಾಪ, ಹೆದರಿ ನಡುಗ್ತಿದ್ರು. ಅದರಲ್ಲಿ ನಾಲ್ಕೇ ಜನ ಹಿಡಿಯೋದು. ಮೇಲೆ ಹೋಗಿ ಬರೋಕೆ ಅರ್ಧ ಗಂಟೆ.”

“ಪಂಪನ್ನ ಕೈಯಲ್ಲೇ ಚಾಲೂ ಮಾಡು.”

“ಕೈ ಸ್ವಿಚ್ಚು ಕಿತ್ತು ಎರಡು ವರ್ಷ ಆಯ್ತಲ್ಲಕ್ಕಾ. ಕಂಡಕಂಡವರು ಒತ್ತಿದ್ರೆ ಪಟ್ಟಿ ಸುಳ್ಳಾಗತ್ತೆ ಅಂತ ಕೀಳಿಸಿದವಳೇ ನೀನು.”

ಸಮಾಧಾನ ಹೇಳುವ ಸರದಿ ಅವನದಾಯಿತು.

“ಸೊಂಟಕ್ಕೆ ಬಂತು. ವಾರದ ಸ್ನಾನ ಇಲ್ಲೇ ಮುಗೀತು ನೋಡು.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಅಕ್ಕಾ, ಫೋನನ್ನ ಮೇಲಿನ ಮೊಳೆಗೆ ಸಿಕ್ಕಿಸ್ತೀನಿ. ಎರಡೂ ಕೈ ಬೇಕು. ಇಡಬೇಡ.”

ಅವಳು ಇಡಲಿಲ್ಲ. ಹನ್ನೊಂದಾಯಿತು. ಪಂಪು ಪಟ್ಟಿಯನ್ನು ಕೇಳಿತು, ತನ್ನ ಸಾಲು ಕಂಡಿತು, ಗುಡುಗುಡು ಎಂದು ಹೊರಟೇಬಿಟ್ಟಿತು. ಸದ್ದು ಫೋನಿನಲ್ಲಿ ನಿಚ್ಚಳವಾಗಿ ಕೇಳಿಸಿತು.

“ಹೊರಡ್ತು ಕಣೋ! ಕೇಳಿಸ್ತಾ?”

ಸಂಜೆಯವರೆಗೂ ಕೇಳುತ್ತಲೇ ಇದ್ದಳು. ಪಂಪೊಂದೇ ಓಗೊಡುತ್ತಿತ್ತು.