ಹತ್ತನೇ ತಾರೀಖಿನ ಕಾರ್ಡು

ನಮ್ಮ ಕಡೆ ಸಾವಿನ ಕಾರ್ಡನ್ನು ಓದಬೇಕಾಗಿಯೇ ಇರಲಿಲ್ಲ. ಬರೆದವರು ಅದರ ಒಂದು ಮೂಲೆ ಹರಿದು ಹಾಕಿರುತ್ತಿದ್ದರು. ಮೂಲೆಯಿಲ್ಲದ ಕಾರ್ಡು ಕೈಗೆ ಬಂತೆಂದರೆ ಓದು ಬಾರದ ಮುದುಕಿಯೂ ಅಂಗಳದಲ್ಲೇ ಕುಸಿದು ಅಳುತ್ತಿದ್ದಳು. ಹೋದವರು ಯಾರು ಎಂಬುದನ್ನು ಆಮೇಲೆ ಯಾರಾದರೂ ಓದಿ ಹೇಳುತ್ತಿದ್ದರು. ಹನ್ನೆರಡು ವರ್ಷ ಊರಿನ ಅಂಚೆ ನೋಡಿಕೊಂಡ ನಾನು ಅಂಥ ಕಾರ್ಡುಗಳನ್ನು ಎರಡು ಬೆರಳಲ್ಲಿ ಹಿಡಿದು ಹೊಸ್ತಿಲ ಹೊರಗೇ ನಿಂತು ಕೊಟ್ಟು ಬಂದಿದ್ದೇನೆ. ಒಂದನ್ನು ಮಾತ್ರ ಬಂದ ದಿನ ಕೊಡಲಿಲ್ಲ.

ಅಂಚೆ ಕಚೇರಿ ಎಂದರೆ ದೊಡ್ಡದೇನೂ ಅಲ್ಲ. ಬಸವಕಲ್ಯಾಣದಿಂದ ಮಂಠಾಳದ ಮೇಲೆ ಬರುವ ಬಸ್ಸು ನಿಲ್ಲುವ ಕಡೆ ನನ್ನ ಕಿರಾಣಿ ಅಂಗಡಿ. ಅದರ ಪಡಸಾಲೆಯಲ್ಲಿ ಒಂದು ಮೇಜು, ಒಂದು ಪುಟ್ಟ ತಕ್ಕಡಿ, ಒಂದು ಠಸ್ಸೆ. ಠಸ್ಸೆಯ ನಡುವೆ ತಾರೀಖಿನ ಅಚ್ಚುಗಳಿದ್ದವು. ದಿನಾ ಬೆಳಿಗ್ಗೆ ನಿನ್ನೆಯದನ್ನು ಕಿತ್ತು ಇವತ್ತಿನದನ್ನು ಕೂರಿಸುವುದು ನನ್ನ ಮೊದಲ ಕೆಲಸ. ಹತ್ತೂವರೆಗೆ ಬಸ್ಸಿನಿಂದ ಟಪಾಲು ಚೀಲ ಇಳಿಯುತ್ತಿತ್ತು. ಬಂದದ್ದಕ್ಕೆಲ್ಲ ಠಸ್ಸೆ ಒತ್ತಿ ಹಂಚಿದರೆ ಆ ದಿನದ ಸರ್ಕಾರಿ ನೌಕರಿ ಮುಗಿಯಿತು. ಉಳಿದ ಹೊತ್ತೆಲ್ಲ ಬೆಲ್ಲ, ಬೇಳೆ.

ಈ ಬೆಲ್ಲ ಬೇಳೆಯ ನಡುವೆ ನನಗೆ ಕಾಲಯಾನದ ಹುಚ್ಚು ಹಿಡಿಸಿದವರು ಗಯಾಸುದ್ದೀನ್ ಮಾಸ್ತರ್. ನಮ್ಮೂರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ರಹೀಮಾ. ಅವಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಹೈದರಾಬಾದಿನ ಹಳೆ ಪುಸ್ತಕದ ಅಂಗಡಿಯವನೊಬ್ಬ ಅವರಿಗೆ ಇಂಗ್ಲಿಷ್ ಕಥೆಗಳ ಮಾಸಿಕಗಳನ್ನು ಕಳಿಸುತ್ತಿದ್ದ. ಶಾಲೆ ಬಿಟ್ಟ ಮೇಲೆ ಮಾಸ್ತರ್ ಬಂದು ಹಿಂಡಿ ಚೀಲದ ಮೇಲೆ ಕೂತು, ಚಹಾ ಕುಡಿಯುತ್ತ ಅವನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ನನಗೆ ಇಂಗ್ಲಿಷ್ ಬಾರದು; ನಿಜಾಮನ ಕಾಲದಲ್ಲಿ ಉರ್ದು ಓದಿದವನು ನಾನು.

ಮಾಸ್ತರರು ಕಥೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿ ನೂರು ವರ್ಷ ಹಿಂದಕ್ಕೆ ಹೋಗುವ ಕಥೆ ಬಂದರೆ ಅರ್ಧಕ್ಕೇ ಬಿಸಾಕುತ್ತಿದ್ದರು. ಒಮ್ಮೆ ನಾನೇ ಒಂದು ಕಟ್ಟಿ ಹೇಳಿದೆ: ಕಲ್ಯಾಣದ ಕೋಟೆಯ ಬಾವಿಗೆ ಇಳಿದವನು ಚಾಲುಕ್ಯರ ಕಾಲದಲ್ಲಿ ಮೇಲೆ ಬರುತ್ತಾನೆ ಎಂದು. ಮಾಸ್ತರ್ ಎರಡು ದಿನ ಅಂಗಡಿಗೆ ಬರಲಿಲ್ಲ. ಮೂರನೇ ದಿನ ಬಂದವರು, "ಸಾವಕಾರ್ರೆ, ಅದು ಜಾದೂ ಆತು. ನಮಗ ಲೆಕ್ಕಕ್ಕ ಕುಂದ್ರೋ ಕಥಿ ಬೇಕು," ಎಂದರು.

ಆ ವರ್ಷ, ಅಂದರೆ ಎಂಬತ್ನಾಲ್ಕರಲ್ಲಿ, ಲೆಕ್ಕಕ್ಕೆ ಕೂರುವ ಕಥೆಯೊಂದು ಸಿಕ್ಕಿತ್ತು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಹೆಂಗಸು. ಅವಳ ತಮ್ಮ ರೈಲಿಗೆ ಸಿಕ್ಕು ಸತ್ತಿದ್ದಾನೆ. ಹಿಂದಿನ ಕಾಲಕ್ಕೆ ಒಂದೇ ಒಂದು ಮಾತು ಕಳಿಸಲು ಅವಳು ದಾರಿ ಹುಡುಕುತ್ತಾಳೆ. ಅದಕ್ಕಿರುವ ವಿಜ್ಞಾನವನ್ನು ಮಾಸ್ತರ್ ನನ್ನ ಅಂಗಡಿಯನ್ನೇ ತೋರಿಸಿ ಹೇಳಿದರು.

"ನಿಮ್ಮ ಅಂಗಡಿಗೆ ಎರಡು ಬಾಗಿಲ ಅವ. ಬೆಳಕಿನ ಒಂದು ಕಣ ಒಳಗ ಬಂತು ಅಂತ ತಿಳೀರಿ. ಯಾವ ಬಾಗಿಲಿಂದ ಬಂತು ಅನ್ನೋ ಗುರುತು ಎಲ್ಲೂ ಬೀಳಲಿಲ್ಲ ಅಂದರ, ಅದು ಎರಡೂ ಬಾಗಿಲಿಂದ ಬಂದಂಗ ನಡಕೋತದ. ನೆಲದ ಮ್ಯಾಲ ಹಿಟ್ಟು ಚೆಲ್ಲಿ ಹೆಜ್ಜಿ ಮೂಡಿಸಿದ್ರಿ ಅಂದರ, ಒಂದೇ ಬಾಗಿಲು. ಇದರಾಗ ಮಜಾ ಏನಂದರ, ಗುರುತು ನೋಡಬೇಕೋ ಬ್ಯಾಡೋ ಅನ್ನೋದನ್ನ ಅದು ಬಾಗಿಲು ದಾಟಿದ ಮ್ಯಾಲೂ ಠರಾಯಿಸಬಹುದು. ಇದು ಕಥಿ ಅಲ್ರಿ, ಖರೇ ಲೆಕ್ಕ."

ಕಥೆಯ ಮೊದಲ ಭಾಗ ಅಲ್ಲಿಗೆ ನಿಂತಿತ್ತು. ಯಾರ ಕಣ್ಣಿಗೂ ಬೀಳದ್ದು ಇನ್ನೂ ಆಗಿಲ್ಲ, ಅದನ್ನು ತಿದ್ದಬಹುದು ಎಂದು ಆ ಹೆಂಗಸು ನಂಬಿದ್ದಳು. ಎರಡನೇ ಭಾಗಕ್ಕಾಗಿ ನಾವು ಮೂರು ತಿಂಗಳು ಕಾದೆವು. ದಿನಾ ಚೀಲ ಬಿಚ್ಚುವಾಗ ನನ್ನ ಕೈ ಮೊದಲು ಹುಡುಕುತ್ತಿದ್ದದ್ದು ಅದನ್ನೇ.

ಜುಲೈ ಹತ್ತು, ಮಂಗಳವಾರ, ಅದು ಬಂತು. ಕಂದು ಕಾಗದದ ಸುತ್ತಿನ ಮೇಲೆ ಠಸ್ಸೆ ಒತ್ತಿ ಪಕ್ಕಕ್ಕಿಟ್ಟೆ. ಅದರ ಕೆಳಗಿದ್ದ ಕಾರ್ಡು ಎತ್ತಿಕೊಂಡೆ. ಬಲಗಡೆಯ ಮೂಲೆ ಇರಲಿಲ್ಲ. ವಿಳಾಸ ಗಯಾಸುದ್ದೀನ್ ಮಾಸ್ತರರದು, ಬಂದದ್ದು ಹುಮನಾಬಾದಿನಿಂದ. ಅಕ್ಷರ ಅಳಿಯ ಹುಸೇನನದು. ರಹೀಮಾಗೆ ದಿನ ತುಂಬಿದ್ದವು ಎಂಬುದು ಊರಿಗೆಲ್ಲ ಗೊತ್ತಿತ್ತು.

ಕಾರ್ಡನ್ನು ತಿರುವಲಿಲ್ಲ. ಈ ಹುಡುಗಿ ಮೂರು ವರ್ಷದವಳಿದ್ದಾಗ ನನ್ನ ತಕ್ಕಡಿಯಲ್ಲಿ ಕೂತು ತೂಗಿಸಿಕೊಂಡವಳು. ಠಸ್ಸೆಯನ್ನೂ ಒತ್ತದೆ ಕಾರ್ಡನ್ನು ಮೇಜಿನ ಖಾನೆಯೊಳಗೆ ಬೋರಲು ಹಾಕಿ ಮುಚ್ಚಿಬಿಟ್ಟೆ. ಮಣ್ಣು ಮಾಡಿ ಆಗಿಯೇ ಹೋಗಿರುತ್ತದೆ, ಇನ್ನು ಅವಸರವೇನು, ಮೂರು ತಿಂಗಳು ಕಾದ ಕಥೆಯನ್ನು ಮನುಷ್ಯ ಒಂದು ಸಂಜೆಯಾದರೂ ಓದಿಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗಿನ ನಿಜ ಬೇರೆಯಿತ್ತು. ಯಾರೂ ಓದುವವರೆಗೆ ರಹೀಮಾ ಸತ್ತಿಲ್ಲ ಎಂದು ನಾನು ನಂಬಲು ಹೊರಟಿದ್ದೆ. ಐವತ್ತೆರಡು ವರ್ಷದ ವ್ಯಾಪಾರಸ್ಥ, ಕಥೆಯೊಂದನ್ನು ನೆಚ್ಚಿಕೊಂಡು ಕೂತಿದ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಮಾಸ್ತರ್ ಬಂದು ಪುಸ್ತಕ ಒಯ್ದರು. ಮಕ್ಕಳಿಗೆ ಲೆಕ್ಕ ಕೊಟ್ಟು ತಾವು ಓದಿ ಮುಗಿಸಿದರಂತೆ. ಸಂಜೆ ಐದಕ್ಕೆ ಬಂದಾಗ ಮುಖ ಅರಳಿತ್ತು.

"ಕಥಿ ಬರದಾವ ಮೋಸ ಮಾಡಿಲ್ರಿ," ಎಂದು ಹಿಂಡಿ ಚೀಲದ ಮೇಲೆ ಕೂತರು. "ಆಕಿ ತಿಳಕೊಂಡಿದ್ದು ತಪ್ಪಾಗಿತ್ತು. ಮನಷಾ ನೋಡಬೇಕು ಅಂತೇನಿಲ್ಲ. ಒಂದು ಧೂಳಿನ ಕಣಕ್ಕ ತಾಕಿದರೂ ಗುರುತು ಬಿತ್ತು, ಆದದ್ದು ಆಗಿಹೋತು. ಆ ಗುರುತು ಪೂರಾ ಅಳಿಸಿದರ ಮತ್ತ ಎರಡೂ ಬಾಗಿಲು. ಆದರ ಜಗತ್ತಿನಾಗ ಒಂದು ಕಡೆನೂ ಅದರ ನಕಲು ಉಳೀಬಾರದು. ಆಕಿ ಎಲ್ಲಾ ಅಳಿಸ್ತಾಳ. ಕಾಗದ, ಫೋಟೋ, ಯಂತ್ರ, ಎಲ್ಲಾ. ಕಡೀಕ ಒಂದು ಉಳೀತದ."

"ಯಾವುದ್ರಿ?"

"ಆಕಿನೇ. ಆಕಿಗೆ ನೆನಪದಲ್ಲ."

ಮಾಸ್ತರ್ ಖುಷಿಯಿಂದ ತೊಡೆ ತಟ್ಟಿಕೊಂಡರು. ನನ್ನ ಮೊಣಕಾಲು ಖಾನೆಗೆ ತಾಗಿತ್ತು. ಒಳಗಿರುವ ಕಾರ್ಡಿನ ಮೇಲೆ ಶಾಯಿ ಒಣಗಿ ಎಷ್ಟು ದಿನವಾಗಿದೆಯೋ ಎಂದು ಯೋಚಿಸಿ ಬೆವರಿದೆ.

"ಯಾಕ್ರಿ ಸಾವಕಾರ್ರೆ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು. ಪಿತ್ತ ಆಗಿದೆ ಎಂದೆ. ನಾಳೆ ಶುಂಠಿ ತಂದುಕೊಡುತ್ತೇನೆ ಎಂದು ಹೇಳಿ ಹೋದರು. ಶುಂಠಿ ಮಾರುವವನು ನಾನೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ನನ್ನ ಹೆಂಡತಿ ಕಸ್ತೂರಿಬಾಯಿ ಕತ್ತರಿ ಹುಡುಕುತ್ತ ಖಾನೆ ಎಳೆದಳು. ಕಾರ್ಡು ನೋಡಿ ಮೊದಲು ಕೈ ಹಿಂತೆಗೆದಳು. ಆಮೇಲೆ ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇದೇನ್ರಿ, ಇದು ಹರದಿದ್ದಲ್ಲ. ಇಲಿ ತಿಂದದ. ಹಲ್ಲಿನ ಕಚ್ಚು ನೋಡ್ರಿ."

ನಾನು ಕಾರ್ಡು ತಿರುವಿದೆ. ಉರ್ದುವಿನ ನಾಲ್ಕು ಸಾಲು. ರಹೀಮಾಳ ಮೈಯಲ್ಲಿ ರಕ್ತ ಬಹಳ ಕಡಿಮೆ ಇದೆ, ಹೆರಿಗೆ ಬುಧವಾರದ ಆಚೀಚೆ, ರಕ್ತ ಬೇಕಾದೀತು ಎಂದು ಡಾಕ್ಟರು ಹೇಳಿದ್ದಾರೆ, ನನ್ನದು ಹೊಂದುವುದಿಲ್ಲ, ಕಾರ್ಡು ಮುಟ್ಟಿದ ಕೂಡಲೇ ಬಂದುಬಿಡಿ ಅಬ್ಬಾ. ಅವತ್ತೇ ಬುಧವಾರ.

"ಕುಂತೀರಿ ಯಾಕ, ಓಡ್ರಿ. ಎಂಟೂವರಿ ಬಸ್ಸು ಅದ," ಎಂದಳು.

ಓಡಿದೆ. ಮುಂದಿನ ಬಾಗಿಲಿಂದ ಹೊರಗೆ ಹೋದವನು ಬೇವಿನ ಮರದ ತನಕ ಹೋಗಿ ನಿಂತೆ. ಟಪಾಲು ಬರುವುದೇ ಹತ್ತೂವರೆಗೆ. ಎಂಟೂವರೆಗೆ ನನ್ನ ಕೈಯಲ್ಲಿ ಕಾರ್ಡು ಎಲ್ಲಿಂದ ಬಂತು ಎಂದು ಮಾಸ್ತರ್ ಕೇಳಿದರೆ ಏನು ಹೇಳಲಿ? ನಿನ್ನೆಯೇ ಬಂದಿತ್ತು, ನೀವು ಕಥೆ ಹೇಳುವಾಗ ನನ್ನ ಮೊಣಕಾಲಿನ ಹತ್ತಿರವೇ ಇತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸುತ್ತು ಹಾಕಿ ಹಿತ್ತಲ ಬಾಗಿಲಿಂದ ಒಳಗೆ ಬಂದು ಚೀಲಗಳ ಕೋಣೆಯಲ್ಲಿ ಕೂತೆ. ಬಸ್ಸು ಬಂದದ್ದು, ಹೋದದ್ದು, ಎರಡೂ ಕೇಳಿಸಿತು. ಇದಕ್ಕಿಂತ ಹೇಡಿ ಕೆಲಸ ನಾನು ಹುಟ್ಟಿದಾಗಿನಿಂದ ಮಾಡಿಲ್ಲ.

ಹತ್ತೂವರೆಗೆ ಚೀಲ ಬಂತು. ಠಸ್ಸೆಯಲ್ಲಿ ಹತ್ತನ್ನು ಕಿತ್ತು ಹನ್ನೊಂದು ಕೂರಿಸಿ ಕಾರ್ಡಿನ ಮೇಲೆ ಒತ್ತಿದೆ. ಒಂದು ದಿನ ಇಲ್ಲವಾಯಿತು. ಆಮೇಲೆ ಚಪ್ಪಲಿ ಹಾಕಿಕೊಳ್ಳದೆ ಶಾಲೆಗೆ ಓಡಿದೆ, ಈ ಸಲ ನಿಜವಾಗಿ.

ಮಾಸ್ತರ್ ನಿಂತಲ್ಲೇ ಓದಿದರು. ಸುಣ್ಣದಕಡ್ಡಿ ಕೆಳಗಿಟ್ಟು, ಕೈಚೀಲ ಹೆಗಲಿಗೇರಿಸಿ ನಡೆದೇಬಿಟ್ಟರು. ನಾನೂ ಜೊತೆಗೆ ಬಸ್ಸು ಹತ್ತಿದೆ. ಬಸವಕಲ್ಯಾಣದಲ್ಲಿ ಹುಮನಾಬಾದಿನ ಬಸ್ಸಿಗೆ ಕಾಯುವಾಗ ಒಂದೊಂದು ನಿಮಿಷವೂ ನನ್ನ ಎದೆಯ ಮೇಲೆ ಕೂತು ಎದ್ದು ಹೋಗುತ್ತಿತ್ತು. ಬಸ್ಸು ಹೊರಟ ಮೇಲೆ ಮಾಸ್ತರ್ ಚೀಲದಿಂದ ನಿನ್ನೆಯ ಮಾಸಿಕ ತೆಗೆದರು. ಓದಲಿಕ್ಕಲ್ಲ. ಅದರ ಕಂದು ಸುತ್ತನ್ನು ಅವರು ಗುರುತಿಗೆಂದು ಪುಟಗಳ ನಡುವೆ ಇಟ್ಟುಕೊಂಡಿದ್ದರು. ಅದನ್ನು ತೊಡೆಯ ಮೇಲೆ ಹರಡಿ, ಪಕ್ಕದಲ್ಲಿ ಕಾರ್ಡು ಇಟ್ಟು ಬಹಳ ಹೊತ್ತು ನೋಡಿದರು. ಮಡಿಚಿ ಒಳಗಿಟ್ಟರು. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳದೇ ಇದ್ದದ್ದಕ್ಕೆ ನನಗೆ ಇನ್ನೂ ಹೆದರಿಕೆಯಾಯಿತು.

ದವಾಖಾನೆ ಮುಟ್ಟಿದಾಗ ಒಂದು ಗಂಟೆ. ನಸುಕಿನಲ್ಲೇ ಹೆಣ್ಣು ಮಗು ಹುಟ್ಟಿತ್ತು. ರಹೀಮಾಗೆ ರಕ್ತ ಹೋಗುವುದು ನಿಂತಿರಲಿಲ್ಲ. ಮಾಸ್ತರರ ರಕ್ತ ಹೊಂದುತ್ತದೆ ಎಂದು ಗೊತ್ತಾದ ಕೂಡಲೇ ಅವರನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ಹುಸೇನನ ತಾಯಿ ಸರ್ದಾರಬಿ ತಸ್ಬಿಯ ಮಣಿ ಎಣಿಸುತ್ತ ಕೂತಿದ್ದಳು. ಮಡಿಲಲ್ಲಿ ಕೂಸು. ಹುಸೇನ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಕಾರ್ಡಿನ ಮೂಲೆಯ ಮಾತು ತಾನಾಗೇ ತೆಗೆದ.

"ಅದನ್ನ ನಮ್ಮ ಅಂಗಡಿ ಗ್ವಾಡಿ ಮಾಡದಾಗ ಇಟ್ಟಿದ್ದೆ ಕಾಕಾ, ಇಲಿ ತಿಂದಿತ್ತು. ಬ್ಯಾರೆ ಕಾರ್ಡು ತರಬೇಕಂದ್ರ ಸನಿವಾರ ಹೊತ್ತಾಗಿತ್ತು. ಹಂಗೇ ಹಾಕಿಬಿಟ್ಟೆ. ಸೋಮವಾರ ಇಲ್ಲಾ ಮಂಗಳವಾರ ಮುಟ್ಟಬೇಕಿತ್ತಲ್ಲ ಅದು?"

ನಾನು ಕೂಸಿನ ಮುಖ ನೋಡುತ್ತ ಕೂತೆ. ಒಳಗೆ ಏನೋ ಉಕ್ಕಿನ ತಟ್ಟೆ ಬಿದ್ದ ಸದ್ದಾದರೆ ನನ್ನ ಜೀವ ಹಾರುತ್ತಿತ್ತು. ಎಂಟೂವರೆ ಬಸ್ಸು ಹತ್ತಿದ್ದರೆ ಮಾಸ್ತರ್ ಹನ್ನೊಂದರೊಳಗೆ ಇಲ್ಲಿರುತ್ತಿದ್ದರು. ನಿನ್ನೆಯೇ ಕೊಟ್ಟಿದ್ದರೆ ನಿನ್ನೆ ಮಧ್ಯಾಹ್ನವೇ ಇಲ್ಲಿರುತ್ತಿದ್ದರು. ಒಂದು ಮಾತು ಹಿಂದಕ್ಕೆ ಕಳಿಸಲು ಸಾಧ್ಯವಿದ್ದರೆ ನಾನು ಮಂಗಳವಾರದ ಆ ಮನುಷ್ಯನಿಗೆ ಹೇಳುತ್ತಿದ್ದೆ: ತಿರುವಿ ನೋಡೋ, ಮೂರ್ಖ.

ನಾಲ್ಕು ಗಂಟೆಗೆ ಡಾಕ್ಟರಮ್ಮ ಹೊರಗೆ ಬಂದರು. "ಉಳದಾಳ," ಎಂದರು. ಆಮೇಲೆ ಸಿಟ್ಟಿನಿಂದ, "ನಿನ್ನೇನೇ ಬರಬೇಕಿತ್ರಿ ನೀವು. ಇನ್ನೊಂದು ತಾಸು ತಡ ಆಗಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ," ಎಂದರು. ನಾನು ಚೀಲಗಳ ನಡುವೆ ಕೂತಿದ್ದದ್ದು ಎರಡು ತಾಸು.

ಸಂಜೆ ನಮ್ಮನ್ನು ಒಳಗೆ ಬಿಟ್ಟರು. ರಹೀಮಾ ಗೋಡೆಯಷ್ಟೇ ಬಿಳಿಚಿದ್ದಳು. ಪಕ್ಕದ ಸ್ಟೂಲಿನಲ್ಲಿ ಮಾಸ್ತರ್, ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು.

"ಯಾಕ ತಡಾ ಮಾಡಿದ್ರಿ ಅಬ್ಬಾ? ನಿನ್ನೆಲ್ಲಾ ಬಾಗಿಲಾನೇ ನೋಡಕೋತ ಮಲಗಿದ್ದೆ," ಎಂದಳು.

ಮಾಸ್ತರ್ ನನ್ನ ಕಡೆ ನೋಡಲಿಲ್ಲ. "ಕಾರ್ಡು ಇವತ್ತೇ ಬಂತವ್ವಾ," ಎಂದರು. "ಬಂದ ಕೂಡಲೇ ಕಾಕಾ ಬರಿಗಾಲಿಲೆ ಓಡಿಕೋತ ತಂದುಕೊಟ್ಟರು. ಇಲ್ಲಂದ್ರ ನಾ ಎಲ್ಲಿ ಮುಟ್ಟತಿದ್ದೆ?"

ರಹೀಮಾ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳಲ್ಲಿ ಬಿಸಿಯೇ ಇರಲಿಲ್ಲ. "ನಿಮ್ಮಿಂದ ಉಳದೆ ಕಾಕಾ," ಎಂದಳು. ಅವತ್ತು ಭೂಮಿ ಬಾಯಿ ಬಿಟ್ಟಿದ್ದರೆ ಕೃತಜ್ಞತೆಯಿಂದ ಒಳಗೆ ಹೋಗುತ್ತಿದ್ದೆ.

ಹೊರಗೆ ಚಹಾದಂಗಡಿಯ ಹತ್ತಿರ ಮಾಸ್ತರ್ ಚೀಲ ಬಿಚ್ಚಿದರು. ಕಂದು ಸುತ್ತನ್ನೂ ಕಾರ್ಡನ್ನೂ ಜೋಡಿಸಿ ಹಿಡಿದರು. ಎರಡರ ಮೇಲೂ ಬಸವಕಲ್ಯಾಣದ ಠಸ್ಸೆ ಹತ್ತನೇ ತಾರೀಖಿನದು. ನನ್ನ ಠಸ್ಸೆ ಒಂದರ ಮೇಲೆ ಹತ್ತು, ಇನ್ನೊಂದರ ಮೇಲೆ ಹನ್ನೊಂದು.

"ಎರಡೂ ಒಂದೇ ಚೀಲದಾಗ ಬಂದಾವ," ಎಂದರು.

"ಹೌದ್ರಿ." ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದಿತ್ತು. ಮೂಲೆ ನೋಡಿದ್ದು, ಹೆದರಿದ್ದು, ಬೇವಿನ ಮರದ ತನಕ ಓಡಿ ಮರಳಿದ್ದು, ಒಂದನ್ನೂ ಬಿಡದೆ ಹೇಳಿದೆ. ಲೆಕ್ಕ ತಪ್ಪಿದ ಕಥೆಯನ್ನು ಅರ್ಧಕ್ಕೇ ಬಿಸಾಕುವ ಮನುಷ್ಯ ಎಲ್ಲವನ್ನೂ ಕೊನೆಯ ತನಕ ಕೇಳಿಸಿಕೊಂಡರು.

"ಆಕಿ ಮುಂದ ಖರೇ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ಆಕಿಗೆ ಕಾಕಾ ಬೇಕು," ಎಂದು ಕಾರ್ಡನ್ನು ನನ್ನ ಕೈಗಿಟ್ಟರು. "ನನ್ನ ಪುಸ್ತಕದಾಗ ಇದ್ದರ ಎಂದಾರ ಒಂದು ದಿನ ನೋಡತಾಳ. ನಿಮ್ಮ ಹತ್ರ ಇರಲಿ."

"ಸುಟ್ಟುಬಿಡಲೇನ್ರಿ?"

ಮಾಸ್ತರ್ ಚಹಾದ ಲೋಟ ಕೆಳಗಿಟ್ಟು ಮೊದಲ ಸಲ ನನ್ನ ಮುಖವನ್ನು ನೇರ ನೋಡಿದರು.

"ಸುಟ್ಟರ ಏನ ಆಗತದ ಸಾವಕಾರ್ರೆ? ನೀವು ಅದೀರಲ್ಲ, ನಾನೂ ಅದೀನಿ."

ಅವರು ಆಮೇಲೂ ಅಂಗಡಿಗೆ ಬಂದರು, ಹಿಂಡಿ ಚೀಲದ ಮೇಲೆ ಕೂತರು, ಕಥೆ ಹೇಳಿದರು. ಕಾಲದ ಹಿಂದೆ ಹೋಗುವ ಕಥೆಯನ್ನು ಮಾತ್ರ ಮತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ಡು ಈಗಲೂ ಅದೇ ಖಾನೆಯಲ್ಲಿದೆ. ಅಂಚೆ ಕೆಲಸ ಬಿಡುವ ತನಕ ದಿನಾ ಬೆಳಿಗ್ಗೆ ಠಸ್ಸೆಯ ತಾರೀಖು ಬದಲಿಸಿದ ಮೇಲೆ ಕಸ್ತೂರಿಬಾಯಿಯನ್ನು ಕರೆದು ಇವತ್ತು ಯಾವ ತಾರೀಖು ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ.